ದಾಸವಾಳದ ನೀರು ಹಸಿರಾದ ವಾರ

ಆಗಸ್ಟ್ 3, 2024, ಶನಿವಾರ
ಪಾವಗಡ ತಾಲ್ಲೂಕು

ಇವತ್ತು ಬೆಳಗಿನ ಶಾಲೆ. ರೂಮಿಗೆ ಬಂದು ಊಟ ಮಾಡಿ ಮಲಗಿದೆ, ನಿದ್ದೆ ಹತ್ತಲಿಲ್ಲ. ಎದ್ದು ಬರೆಯುತ್ತಿದ್ದೇನೆ.

ಸೋಮವಾರ ಏಳನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ಇತ್ತು. ನನಗೆ ತುಂಬಾ ಇಷ್ಟವಾದ ಪಾಠ. ಲ್ಯಾಬ್ ಇಲ್ಲದಿದ್ದರೂ ಅಡುಗೆಮನೆ ಸಾಮಾನಿನಲ್ಲೇ ಮಾಡಿ ತೋರಿಸಬಹುದು. ನಿಂಬೆರಸ, ಹುಣಸೆ ನೀರು, ಸೋಪಿನ ನೀರು, ಎಲೆಅಡಿಕೆಯ ಸುಣ್ಣ, ಎಲ್ಲವನ್ನೂ ಮಕ್ಕಳೇ ತಂದಿದ್ದರು. ಅರಿಶಿನ ಹಚ್ಚಿದ ಕಾಗದದ ಮೇಲೆ ಸುಣ್ಣದ ನೀರು ಬಿದ್ದು ಕೆಂಪಾದಾಗ ಇಡೀ ತರಗತಿ ಬೆಂಚು ಬಿಟ್ಟು ಎದ್ದು ಬಂತು.

ಆಮೇಲೆ ದಾಸವಾಳ. ಎಸಳು ಕಿತ್ತು ಬಿಸಿನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಆ ನೀರು ಆಮ್ಲದಲ್ಲಿ ಕಡು ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಅಡುಗೆ ಅಕ್ಕನ ಹತ್ತಿರ ಬೋರ್ ನೀರು ಕಾಯಿಸಿಕೊಂಡು ಬಂದು ಎಸಳು ಹಾಕಿದೆ. ಸೋಪು ಮುಟ್ಟಿಸುವ ಮೊದಲೇ ನೀರು ಹಸಿರಾಗಿ ಹೋಯಿತು.

ನಾನು ಗಾಬರಿಯಾದೆ. ಲೋಟ ತೊಳೆದಿಲ್ಲವೇನೋ ಎಂದುಕೊಂಡು ಇನ್ನೊಂದರಲ್ಲಿ ಮಾಡಿದೆ. ಮತ್ತೆ ಹಸಿರು. ಮಕ್ಕಳು ಗುಸುಗುಸು ಅನ್ನತೊಡಗಿದರು. ಆಗ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುವುದು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಇಲ್ಲಿ ಬಹಳ ಮಕ್ಕಳಿಗೆ ಇವೆ.

"ಮಿಸ್, ನಮ್ ನೀರೇ ಪ್ರತ್ಯಾಮ್ಲ ಇರ್ಬೋದಾ?"

"ನೀರು ತಟಸ್ಥ ಅಂತ ಈಗ ತಾನೇ ಹೇಳಿದ್ನಲ್ಲ. ಪುಸ್ತಕ ನೋಡು, ಕೂತ್ಕೋ" ಅಂದೆ. ದನಿ ಜೋರಾಗಿತ್ತು. ಹಿಂದಿನ ಬೆಂಚಿನ ಹುಡುಗರು ನಕ್ಕರು. ಅವಳು ಕೂತಳು.

ಮಂಗಳವಾರ ಅವಳು ಕೊನೇ ಬೆಂಚಿಗೆ ಹೋಗಿದ್ದಳು. ಏನು ಕೇಳಿದರೂ ತಲೆ ಎತ್ತಲಿಲ್ಲ. ಅವತ್ತು ಆರನೇ ತರಗತಿ ಟೀಚರ್ ತರಬೇತಿಗೆ ಹೋಗಿದ್ದರಿಂದ ಎರಡೂ ತರಗತಿ ನನ್ನ ಪಾಲಿಗೆ ಬಂತು, ಜೊತೆಗೆ ಮೊಟ್ಟೆ ಹಂಚುವ ಲೆಕ್ಕ, ಆನ್‌ಲೈನ್‌ನಲ್ಲಿ ಮಕ್ಕಳ ವಿವರ ತುಂಬುವ ಕೆಲಸ. ಆ ಗಡಿಬಿಡಿಯಲ್ಲೂ ಅವಳ ಬಗ್ಗಿದ ತಲೆ ಕಣ್ಣಮುಂದೆಯೇ ಇತ್ತು.

ನಮ್ಮೂರು ತೀರ್ಥಹಳ್ಳಿ ಕಡೆ. ಬಾವಿಯಿಂದ ಸೇದಿದ ನೀರು ಕುಡಿದು ಬೆಳೆದವಳು ನಾನು. ಇಲ್ಲಿಗೆ ಬಂದ ಮೊದಲ ದಿನವೇ ಸೋಪು ನೊರೆ ಬರಲಿಲ್ಲ. ಬೇಳೆ ಬೇಯುವುದಿಲ್ಲ. ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಇದೆಲ್ಲ ದಿನಾ ನನ್ನ ಕೈಗೇ ಸಿಗುತ್ತಿತ್ತು. ಆದರೂ ತರಗತಿಯಲ್ಲಿ ನಿಂತಾಗ "ನೀರು ತಟಸ್ಥ" ಎಂಬ ಮಾತು ಬಿಟ್ಟು ಬೇರೇನೂ ತೋಚಲಿಲ್ಲ.

ಬುಧವಾರ ರಾತ್ರಿ ರೂಮಿನಲ್ಲಿ ಮೂರು ಲೋಟ ಇಟ್ಟೆ. ಒಂದರಲ್ಲಿ ಶುದ್ಧ ನೀರಿನ ಘಟಕದಿಂದ ತಂದ ನೀರು, ಒಂದರಲ್ಲಿ ತಣ್ಣನೆಯ ಬೋರ್ ನೀರು, ಇನ್ನೊಂದರಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ಬೋರ್ ನೀರು. ಮೂರಕ್ಕೂ ಅಷ್ಟಷ್ಟೇ ದಾಸವಾಳದ ರಸ ಹಾಕಿದೆ. ಘಟಕದ ನೀರು ತಿಳಿ ನೇರಳೆಯಾಯಿತು. ಬೋರ್ ನೀರು ಮಾಸಲು ನೀಲಿ. ಕುದಿಸಿದ್ದು ಹಸಿರು!

ನೆಲದಾಳದ ನೀರಿನಲ್ಲಿ ಬೈಕಾರ್ಬನೇಟ್ ಎಂಬ, ಪ್ರತ್ಯಾಮ್ಲದ ಗುಣವಿರುವ ಲವಣ ಜಾಸ್ತಿ ಕರಗಿರುತ್ತದೆ. ಕಾಯಿಸಿದಾಗ ಅದರಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ನೀರು ಇನ್ನಷ್ಟು ಪ್ರತ್ಯಾಮ್ಲದ ಕಡೆ ವಾಲುತ್ತದೆ. ತಳದ ಬಿಳಿ ಪೊರೆಯೂ ಆಗಲೇ ಕೂರುವುದು. ಪುಸ್ತಕ ತಟಸ್ಥ ಎಂದು ಹೇಳುವುದು ಏನೂ ಬೆರೆಯದ ಶುದ್ಧ ನೀರನ್ನು. ಅಂಥ ನೀರು ನಮ್ಮ ಶಾಲೆಯ ನಲ್ಲಿಯಲ್ಲಿ ಇಲ್ಲ. ಅದನ್ನು ಆ ಹುಡುಗಿ ಒಂದೇ ನೋಟಕ್ಕೆ ಹಿಡಿದಿದ್ದಳು. ಲೋಟಗಳ ಮುಂದೆ ಕೂತು ಅತ್ತುಬಿಟ್ಟೆ.

ಗುರುವಾರ ಹೆಡ್ ಮಾಸ್ಟರಿಗೆ ಹೇಳಿದೆ. "ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರೋದೇ ಅಮ್ಮ. ನೀರಲ್ಲಿ ಫ್ಲೋರೈಡೂ ಇದೆ" ಅಂದರು. ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡುವ ಕಿಟ್ ಇದೆಯಂತೆ, ಕೇಳಿ ತರಿಸುತ್ತೇನೆ ಎಂದರು.

ಇವತ್ತು ಮೊದಲ ಪೀರಿಯಡ್‌ನಲ್ಲೇ ಮೂರು ಲೋಟ ಮೇಜಿನ ಮೇಲಿಟ್ಟೆ. ಸೋಮವಾರ ನಾನು ಹೇಳಿದ್ದು ತಪ್ಪು, ಅವಳು ಕೇಳಿದ್ದು ಸರಿ ಎಂದು ಎಲ್ಲರ ಮುಂದೆ ಹೇಳಿದೆ. ಹೇಳುವಾಗ ಕಾಲು ನಡುಗುತ್ತಿತ್ತು. ರಸ ಹಾಕುವ ಕೆಲಸ ಅವಳಿಗೇ ಕೊಟ್ಟೆ. ಮೊದಲು ಬರಲ್ಲ ಅಂದಳು. ಆಮೇಲೆ ಬಂದಳು. ಲೋಟ ಹಿಡಿಯಲು ಎರಡೂ ಕೈ ಬೇಕಿತ್ತು, ಬಾಯಿಗೆ ಕೈ ಅಡ್ಡ ಬರಲಿಲ್ಲ.

ಬೆಲ್ ಹೊಡೆದ ಮೇಲೆ ಒಬ್ಬಳೇ ನಿಂತಿದ್ದಳು. "ಮಿಸ್, ಹಸಿರಾಗಿದ್ದು ಫ್ಲೋರೈಡಿಂದಾನಾ? ನನ್ ಹಲ್ಲು ಹಿಂಗಾಗಿದ್ದೂ ಅದರಿಂದಾನಾ?"

ಈ ಸಲ ಅವಸರ ಮಾಡಲಿಲ್ಲ. ಎರಡೂ ಬೇರೆ ಬೇರೆ ಎಂದು ಬಿಡಿಸಿ ಹೇಳಿದೆ. ದಾಸವಾಳ ಫ್ಲೋರೈಡನ್ನು ತೋರಿಸುವುದಿಲ್ಲ, ಅದಕ್ಕೆ ಕಿಟ್ಟೇ ಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಲ್ಲಿ ಕುಡಿದರೆ ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿಗೆ ಕಲೆ ಕೂರುತ್ತದೆ. ಅದು ಕೊಳೆಯಲ್ಲ, ಸರಿಯಾಗಿ ಉಜ್ಜದೆ ಬಂದದ್ದೂ ಅಲ್ಲ. ಇದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನನ್ ತಮ್ಮಂಗೆ ಎರಡು ವರ್ಷ ಮಿಸ್. ಅವನ್ಗೆ ನೀರು ಕಾಯಿಸಿ ಕೊಟ್ರೆ ಸಾಕಾ?"

"ಕಾಯಿಸಿದ್ರೆ ರೋಗದ ಕ್ರಿಮಿ ಸಾಯ್ತಾವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಮ್ಮಿ ಆಗುತ್ತೆ, ಅದು ಹಾಗೇ ಉಳಿಯುತ್ತೆ. ಘಟಕದ ನೀರೇ ಕೊಡ್ಬೇಕು."

"ಅನ್ನ, ಸಾರಿಗೂ ಅದೇ ನೀರಾ?"

"ಸಾಧ್ಯ ಆದ್ರೆ ಅದಕ್ಕೂ ಅದೇ."

ಘಟಕ ಅವರ ಮನೆಯಿಂದ ಒಂದೂವರೆ ಕಿಲೋಮೀಟರ್. 20 ಲೀಟರ್ ಕ್ಯಾನಿಗೆ 5 ರೂಪಾಯಿ. ಅಮ್ಮ ಕೂಲಿಗೆ ಹೋಗುವುದರಿಂದ ಸೈಕಲ್ಲಿನಲ್ಲಿ ನೀರು ತರುವವಳು ಇವಳೇ. ಬೆರಳು ಮಡಚುತ್ತಾ ಲೆಕ್ಕ ಹಾಕಿದಳು.

"ದಿನಾ ಇನ್ನೊಂದು ಟ್ರಿಪ್ ಹೋಗ್ಬೇಕು ಮಿಸ್" ಎಂದು ಹೇಳಿ ಬ್ಯಾಗು ಏರಿಸಿಕೊಂಡು ಹೊರಟಳು.