ಹಲವರ ಕೌದಿ, ಹಲವು ಅಳತೆ

ದಾನಕ್ಕೆಂದು ಹಲವರು ಸೇರಿ ಕೌದಿ ಹೊಲಿದಾಗ, ತುಂಡು ಬಟ್ಟೆ ಜೋಡಿಸಿ ಮಾಡಿದ ಚೌಕಗಳು ಒಂದೇ ಅಳತೆಗೆ ಬರುವುದಿಲ್ಲ. ತಕರಾರು ಇರುವುದು ಹೊಲಿಗೆಯ ಅಂಚಿನಲ್ಲಿ, ಅಂದರೆ ಹೊಲಿಗೆಯಾಚೆ ಬಿಡುವ ಬಟ್ಟೆಯಲ್ಲಿ. ಕಾಲು ಇಂಚು ಬಿಡುವಲ್ಲಿ 1/16 ಇಂಚು ಹೆಚ್ಚು ಬಿಟ್ಟರೆ ಪ್ರತಿ ಜೋಡಣೆಗೆ ಎರಡೂ ಬದಿ ಸೇರಿ 1/8 ಇಂಚು ಹೋಗುತ್ತದೆ. ಸಾಲಿಗೆ ಮೂರು ಜೋಡಣೆಯಿರುವ ಚೌಕ 3/8 ಇಂಚು ಕುಗ್ಗುತ್ತದೆ.

ಬಿಚ್ಚಿಸಬೇಡಿ, ಬಟ್ಟೆ ಜಗ್ಗಿ ಇನ್ನೂ ಕೆಡುತ್ತದೆ. ಕಿರಿದಾದ ಚೌಕದ ಸುತ್ತ 2 ಇಂಚಿನ ಪಟ್ಟಿ ಹಚ್ಚಿ, ಇಸ್ತ್ರಿ ಮಾಡಿ, ಎಲ್ಲವನ್ನೂ 12½ ಇಂಚಿಗೆ ಕತ್ತರಿಸಿ. ಜೋಡಿಸುವಾಗ ಅಂಚಿಗೆ ಅರ್ಧ ಇಂಚು ಹೋಗಿ ಚೌಕ 12 ಇಂಚು ಉಳಿಯುತ್ತದೆ; ಅಂಥ 20 ಚೌಕ, ಸಾಲಿಗೆ 4ರಂತೆ 5 ಸಾಲು ಸೇರಿದರೆ ಸುಮಾರು 48×60 ಇಂಚಿನ ಕೌದಿ.

ಮೂಲೆಗಳು ಕೂಡದಿದ್ದರೆ ಬಿಡಿ, ಹೊದೆಯುವವರು ಸ್ಕೇಲ್ ಹಿಡಿಯುವುದಿಲ್ಲ. ಆದರೆ ಬಣ್ಣ ಬಿಡುವ ಬಟ್ಟೆ, ಒಳಗುಳಿದ ಪಿನ್ನು, ಕಾಲು ಇಂಚಿಗಿಂತ ಸಣ್ಣ ಅಂಚು ಒಪ್ಪಬೇಡಿ. ಸಣ್ಣ ಅಂಚು ಒಗೆತಕ್ಕೆ ಬಾಯಿ ಬಿಡುತ್ತದೆ. ಮಕ್ಕಳ ಕೌದಿಗೆ ಗುಂಡಿಯಂತೂ ಬೇಡವೇ ಬೇಡ.