ತಲೆಯ ಕಾಲು ಭಾಗ

ಬಜ್ಪೆಯಿಂದ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ, ಜಿದ್ದಾ ಇನ್ನೊಂದು ಗಂಟೆ ಎನ್ನುವಾಗ ಅಣ್ಣನ ಮುಖ ಬಿಳಿಚಿಕೊಂಡಿತು. ಇಹ್ರಾಮ್‌ನ, ಅಂದರೆ ಯಾತ್ರೆಯ ದೀಕ್ಷೆಯ, ಎರಡು ಬಟ್ಟೆಗಳು ವಿಮಾನದ ಹೊಟ್ಟೆಯೊಳಗಿನ ಸೂಟ್‌ಕೇಸಿನಲ್ಲಿದ್ದವು. ‘ಇಳಿದ ಮೇಲೆ ಉಟ್ಟರಾಯಿತು’ ಎಂದು ನಮ್ಮನ್ನು ಕರೆದೊಯ್ದ ಏಜೆಂಟ್ ಹೇಳಿದ್ದರು. ಉಮ್ರಾಕ್ಕೆ, ಅಂದರೆ ಮಕ್ಕಾದ ಕಿರುಯಾತ್ರೆಗೆ, ಹೋಗುವವರು ವಿಮಾನ ಜಿದ್ದಾ ತಲುಪುವ ಮೊದಲೇ ಬರುವ ಮೀಖಾತ್ ಎಂಬ ಗಡಿಯನ್ನು ಇಹ್ರಾಮ್ ಇಲ್ಲದೆ ದಾಟುವಂತಿಲ್ಲ. ದಾಟಿದರೆ ಹಿಂದಿರುಗಿ ಬರಬೇಕು, ಇಲ್ಲವೇ ಕುರಿ ಬಲಿ ಕೊಡಬೇಕು. ಹಡಗಿನ ಕಾಲದ ಹಾಜಿಗಳು ಯಲಮ್‌ಲಮ್ ಎಂಬ ಮೀಖಾತ್ ಎದುರಾದಾಗ ನಡುಗಡಲಿನಲ್ಲೇ ಬಟ್ಟೆ ಬದಲಿಸುತ್ತಿದ್ದರು. ನಮಗಿದ್ದದ್ದು ಕೆಲವೇ ನಿಮಿಷ.

ಉಮ್ಮನ ಕೈಚೀಲದಲ್ಲಿ ಒಂದು ಬೈರಾಸು (ಟವೆಲ್) ಇತ್ತು, ಹೆಗಲಿಗೆ ಅದಾಯಿತು. ಸೊಂಟಕ್ಕೆ ಅಣ್ಣನ ಲುಂಗಿಯೂ ಇತ್ತು, ಆದರೆ ಹೊಲಿದದ್ದು. ಇಹ್ರಾಮ್‌ನಲ್ಲಿ ಗಂಡಸರಿಗೆ ಹೊಲಿದ ಉಡುಪು ಸಲ್ಲದು. ವಿಮಾನದಲ್ಲಿ ಕತ್ತರಿ ಎಲ್ಲಿಂದ ತರುವುದು? ಉಮ್ಮ ಹೊಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ದಾರ ಎಳೆದರು; ಸರ್ರನೆ ಬಿಚ್ಚಿಕೊಂಡಿತು. ಬಿಳಿ ಬಣ್ಣ ಉತ್ತಮ, ಕಡ್ಡಾಯವಲ್ಲ. ನೀಲಿ ಚೌಕಳಿಯ ಲುಂಗಿ, ಕೆಂಪು ಅಂಚಿನ ಬೈರಾಸಿನಲ್ಲಿ ಅಣ್ಣ ಮಲ್ಪೆಯ ಬೋಟಿಗೆ ಹೊರಟವನಂತೆ ಕಂಡ. ಹೋಗುವವರಿಗೆ ಹೇಳುತ್ತೇನೆ: ಯಾರು ಏನೇ ಹೇಳಲಿ, ಆ ಬಟ್ಟೆ ಕೈಚೀಲದಲ್ಲೇ ಇರಲಿ.

ಮಕ್ಕಾದ ಗಡಿಯಾರ ಗೋಪುರ ನನಗೆ ಹಿಡಿಸಲಿಲ್ಲ. 601 ಮೀಟರ್ ಎತ್ತರದಿಂದ ಅದು ಕಅಬಾವನ್ನು ಮೇಸ್ತ್ರಿಯ ಹಾಗೆ ಬಗ್ಗಿ ನೋಡುತ್ತಿರುತ್ತದೆ. ಕೆಳಗೆ ಇಳಿದು ಕಅಬಾದ ಎದುರು ನಿಂತ ಮೇಲೆ ಮಾತ್ರ ಗೋಪುರದ ನೆನಪೇ ಬರಲಿಲ್ಲ.

ನಮ್ಮ ಮನೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಉಳ್ಳಾಲದ ನಾವು ಬ್ಯಾರಿಗಳು, ಶಾಫಿ ಪಂಥದವರು. ಉಡುಪಿಯಿಂದ ಬಂದ ಅತ್ತಿಗೆಯದು ಉರ್ದು ಮನೆಮಾತು, ಹನಫಿ ಪಂಥ. ನಮಾಝಿಗೆ ಮೊದಲಿನ ಅಂಗಸ್ನಾನಕ್ಕೆ ಉಮ್ಮ ‘ಉಳೂ’ ಎನ್ನುತ್ತಾರೆ, ಅತ್ತಿಗೆ ‘ವಝೂ’ ಎನ್ನುತ್ತಾಳೆ. ಜಗಳ ಮಾತ್ರ ಕನ್ನಡದಲ್ಲಿ. ಶಾಫಿಗಳಲ್ಲಿ ಗಂಡನ ಕೈ ಸೋಕಿದರೂ ಉಳೂ ಮುರಿಯುತ್ತದೆ, ಹನಫಿಗಳಲ್ಲಿ ಇಲ್ಲ. ಅಣ್ಣನ ಕೈಯಿಂದ ಚಹಾದ ಲೋಟ ತೆಗೆದುಕೊಂಡ ಅತ್ತಿಗೆ ನೇರ ನಮಾಝಿಗೆ ನಿಂತರೆ, ಹನ್ನೆರಡು ವರ್ಷಗಳಿಂದ ಉಮ್ಮನ ಗೊಣಗಾಟ ತಪ್ಪಿದ್ದಿಲ್ಲ.

ರಾತ್ರಿಯ ಇಶಾ ನಮಾಝಿನ ನಂತರ ತವಾಫ್, ಅಂದರೆ ಕಅಬಾದ ಪ್ರದಕ್ಷಿಣೆ, ಶುರುಮಾಡಿದೆವು. ಹಜರುಲ್ ಅಸ್ವದ್ ಎಂಬ ಕಪ್ಪು ಕಲ್ಲು ಇರುವ ಮೂಲೆಯಿಂದ, ಕಅಬಾವನ್ನು ಎಡಕ್ಕಿಟ್ಟುಕೊಂಡು ಏಳು ಸುತ್ತು. ತವಾಫಿಗೆ ಉಳೂ ಬೇಕೇ ಬೇಕು. ಮೂರನೆಯ ಸುತ್ತಿನಲ್ಲಿ ಯಾರೋ ಗಂಡಸಿನ ಬರಿಗೈ ಉಮ್ಮನ ಮುಂಗೈಗೆ ತಗುಲಿತು. ನೆರೆದ ಜನರನ್ನು ಸೀಳಿ ಹೊರಬಂದು, ಊದಿದ ಮೊಣಕಾಲಿನಲ್ಲಿ ಅಷ್ಟು ದೂರ ನಡೆದು, ಮತ್ತೆ ಉಳೂ ಮಾಡಿ ಬಂದರು. ಬಿಟ್ಟಲ್ಲಿಂದ ಮುಂದುವರಿಸಬಹುದು. ನಾಲ್ಕನೆಯ ಸುತ್ತಿನಲ್ಲಿ ಮತ್ತೆ ಹಾಗೆಯೇ ಆಯಿತು. ಕಂಬಕ್ಕೆ ಒರಗಿ ಕುಳಿತ ಉಮ್ಮ ಅತ್ತುಬಿಟ್ಟರು.

ನಮ್ಮ ಜೊತೆಗಿದ್ದ ಧರ್ಮಗುರು ಉಸ್ತಾದರು ಮೆಲ್ಲನೆ ಹೇಳಿದರು: ‘ಇಷ್ಟು ಜನರ ನಡುವೆ ಹನಫಿ ಅಭಿಪ್ರಾಯವನ್ನು ಹಿಡಿಯಬಹುದು ಉಮ್ಮ. ಆದರೆ ಉಳೂವನ್ನೂ ಅವರ ಕ್ರಮದಲ್ಲೇ ಮಾಡಬೇಕು.’

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ‘ಬಾ’ ಎಂದರು.

ನಲ್ಲಿಯ ಬಳಿ ನಾನು ಚಪ್ಪಲಿ ಹಿಡಿದು ನಿಂತಿದ್ದೆ.

‘ತಲೆಗೆ ಎಷ್ಟು?’

‘ಕಾಲು ಭಾಗವಾದರೂ ಒದ್ದೆಯಾಗಬೇಕು ಅಮ್ಮಿ.’

‘ನಮಗೆ ನಾಲ್ಕು ಕೂದಲಿಗೆ ತಾಗಿದರೂ ಸಾಕು.’

‘ಗೊತ್ತು ಅಮ್ಮಿ.’ ಅತ್ತಿಗೆ ತನ್ನ ಒದ್ದೆ ಅಂಗೈಯನ್ನು ಉಮ್ಮನ ನೆತ್ತಿಯ ಮೇಲಿಟ್ಟು ಅಳತೆ ತೋರಿಸಿದಳು.

‘ಮೆಲ್ಲಗೆ, ಕೂದಲು ಕಿತ್ತು ಬಂದೀತು!’ ಇಹ್ರಾಮ್‌ನಲ್ಲಿ ಕೂದಲು ಕೀಳುವಂತಿಲ್ಲ.

‘ಇನ್ನೊಂದು. ರಕ್ತ ಹರಿದರೆ ಮುರಿಯುತ್ತದೆ.’

‘ನಮ್ಮಲ್ಲಿ ಮುರಿಯುವುದಿಲ್ಲವಲ್ಲ?’

‘ಈಗ ನೀವು ನಮ್ಮಲ್ಲಿದ್ದೀರಿ ಅಮ್ಮಿ.’

ಉಮ್ಮ ಬಿರುಕು ಬಿಟ್ಟ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿಕೊಂಡರು.

ಉಳಿದ ಸುತ್ತುಗಳು ಮುಗಿದದ್ದೇ ತಿಳಿಯಲಿಲ್ಲ. ಸಫಾ–ಮರ್ವಾ ಗುಡ್ಡಗಳ ನಡುವಿನ ಏಳು ನಡಿಗೆಗೆ ಉಳೂ ಕಡ್ಡಾಯವಲ್ಲವಾದ್ದರಿಂದ ಉಮ್ಮ ಗೆದ್ದವರಂತೆ ನಡೆದರು. ಮರ್ವಾದಲ್ಲಿ ಕೊನೆಗೆ ಕೂದಲು ಕತ್ತರಿಸಬೇಕು. ಶಾಫಿಗಳಿಗೆ ಮೂರು ಎಳೆ ಸಾಕು. ಅತ್ತಿಗೆ ಜಡೆಯ ತುದಿಯನ್ನು ಒಟ್ಟಾಗಿ ಹಿಡಿದು ಬೆರಳಿನ ಗೆಣ್ಣಿನಷ್ಟು ಕತ್ತರಿಸಿದಳು, ಉಮ್ಮ ತಡೆಯಲಿಲ್ಲ.

ಮದೀನಾದ ನಾಲ್ಕು ದಿನಗಳನ್ನು ಬರೆಯಲು ಕುಳಿತರೆ ಇದು ಮುಗಿಯುವುದಿಲ್ಲ. ಖರ್ಜೂರ, ಝಮ್‌ಝಮ್ ನೀರು ಹಂಚಿದ್ದಾಯಿತು. ಮೊನ್ನೆ ಬಚ್ಚಲಿನಲ್ಲಿ ನೋಡಿದೆ, ಉಮ್ಮ ಹಳೆಯ ಹಾಗೆ ಹಣೆಯ ಮೇಲಿನ ನಾಲ್ಕು ಕೂದಲಿಗಷ್ಟೇ ನೀರು ತಾಗಿಸುತ್ತಿದ್ದರು.

‘ಕಾಲು ಭಾಗ ಎಲ್ಲಿ ಹೋಯಿತು?’ ಎಂದೆ.

‘ಇಲ್ಲೆಲ್ಲಿದೆ ಅಷ್ಟು ಜನ?’ ಎಂದರು.