ಕೆಸರಲ್ಲಿ ಹುಟ್ಟಿದ ಗೋಲು

1972ರ ಎಫ್‌ಎ ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ) ವಿಡಿಯೊ ರಾತ್ರಿ ಮತ್ತೆ ನೋಡಿದೆ. ಇಂಗ್ಲೆಂಡಿನ ಸಣ್ಣ ಊರು ಹೆರೆಫರ್ಡ್‌ನ ಕ್ಲಬ್, ಎದುರಿಗೆ ನ್ಯೂಕ್ಯಾಸಲ್‌ನಂಥ ದೊಡ್ಡ ತಂಡ. ಮೈದಾನವೋ, ನಾಟಿಗೆ ಹದ ಮಾಡಿದ ಗದ್ದೆ! ಕಸುಬಿನಲ್ಲಿ ಬಡಗಿಯಾಗಿದ್ದ ಹೆರೆಫರ್ಡ್‌ನ ರೋನಿ ರಾಡ್‌ಫರ್ಡ್ ಅಷ್ಟು ದೂರದಿಂದ ಒದ್ದ ಚೆಂಡು ಸೀದಾ ಬಲೆಯ ಮೇಲ್ಮೂಲೆಗೆ. ಹುಡುಗರೆಲ್ಲ ಹೋ ಅಂತ ಮೈದಾನದೊಳಗೆ ನುಗ್ಗಿಬಿಟ್ಟರು. ಹೆಚ್ಚುವರಿ ಸಮಯದಲ್ಲಿ ರಿಕಿ ಜಾರ್ಜ್ ಇನ್ನೊಂದು ಹೊಡೆದ, ಹೆರೆಫರ್ಡ್‌ಗೆ 2-1 ಗೆಲುವು.

ಅದೇ ವರ್ಷ ಕ್ಲಬ್ಬಿಗೆ ವೃತ್ತಿಪರ ತಂಡಗಳ ಫುಟ್‌ಬಾಲ್ ಲೀಗ್ ಪ್ರವೇಶ ಸಿಕ್ಕಿತು. 2014ರಲ್ಲಿ ಸಾಲ ಕುತ್ತಿಗೆಗೆ ಬಂದು ಕೋರ್ಟು ಬಾಗಿಲು ಹಾಕಿಸಿತು. ಅಭಿಮಾನಿಗಳು ಬಿಡಲಿಲ್ಲ, ಹೊಸ ಕ್ಲಬ್ ಕಟ್ಟಿ, ಅದೇ ಎಡ್ಗರ್ ಸ್ಟ್ರೀಟ್ ಮೈದಾನದಲ್ಲಿ ಕೆಳಗಿನ ದರ್ಜೆಯಿಂದ ಶುರು ಮಾಡಿ, 2016ರಿಂದ ಸತತ ಮೂರು ವರ್ಷ ಮೇಲಿನ ದರ್ಜೆಗೆ ಬಡ್ತಿ ಪಡೆದರು. ದುಡ್ಡಿನ ಲೆಕ್ಕದಲ್ಲಿ ಗಿಟ್ಟುವ ಕೆಲಸವಲ್ಲ ಬಿಡಿ. ಆದ್ರೂ ಟಿಕೆಟ್ ತಗೊಂಡು ಹೋಗ್ತಾರಲ್ಲ, ಆ ಜನರನ್ನು ಕಂಡ್ರೆ ನನಗೆ ಹೊಟ್ಟೆಕಿಚ್ಚು.